ಹೆಪ್ಪು

ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ, ಮೂರನೇ ಅಡ್ಡರಸ್ತೆ.
ಎಡಕ್ಕೆ ಫೌಂಡ್ರಿ, ಬಲಕ್ಕೆ ಫೌಂಡ್ರಿ,
ನಡುವೆ ನಮ್ಮದು. ಹೊಗೆಯಿಲ್ಲ, ಮರಳಿಲ್ಲ.
ಬೀರುವಿನಷ್ಟು ದೊಡ್ಡ ಪೆಟ್ಟಿಗೆ, ಅದಕ್ಕೊಂದು ಕಿರುಕಿಟಕಿ,
ಕಿಟಕಿಯಾಚೆ ಬೆಳಕಿನ ಸೂಜಿ.

ಅದು ಪುಡಿಯನ್ನು ಹೊಲಿಯುತ್ತದೆ.
ಕೂದಲಿಗಿಂತ ತೆಳ್ಳಗೆ ಒಂದು ಪದರ, ಅದರ ಮೇಲೊಂದು.
ಅಂಗೈಯಗಲದ ಬ್ರಾಕೆಟ್ಟಿಗೆ ಇಪ್ಪತ್ತೆರಡು ತಾಸು.

ನನ್ನ ಕೆಲಸ ಆಮೇಲಿನದು:
ತೊಳೆದು, ಕೆಂಪು ಬಣ್ಣ ಬಳಿದು, ಒರೆಸಿ,
ಮೇಲೆ ಬಿಳಿ ಪುಡಿ ಊದಿ, ಹತ್ತು ನಿಮಿಷ ಕಾಯುವುದು.
ಒಳಗೆ ಬಿರುಕಿದ್ದರೆ
ಬಿಳಿಯ ಮೇಲೆ ಕೆಂಪು ತಾನಾಗಿ ಏಳುತ್ತದೆ,
ನಿನ್ನೆಯ ಗಾಯದ ಪಟ್ಟಿಯ ಮೇಲೆ ಎದ್ದಂತೆ.

ಹದಿನೇಳು ಬ್ರಾಕೆಟ್ಟು, ಹದಿನೇಳಕ್ಕೂ ಕೆಂಪು.
ರಿಜಿಸ್ಟರಿನಲ್ಲಿ ನನ್ನ ಅಕ್ಷರ ಬೇಸತ್ತು ಚಿಕ್ಕದಾಯಿತು:
ಬಿರುಕು, ಬಿರುಕು, ಬಿರು,
ಕೊನೆಗೆ ಬರೀ ಬಿ.

ಇಂದುಧರ ಸುಮ್ಮನೆ ಕೂರುವವನಲ್ಲ.
ತಳದ ತಟ್ಟೆಯನ್ನು ಇನ್ನೂರು ಡಿಗ್ರಿಗೆ ಕಾಯಿಸಿದ,
ಸೂಜಿಯ ಓಟ ತಗ್ಗಿಸಿದ,
ಒಂದು ಪದರ ಉದ್ದಕ್ಕೆ, ಮುಂದಿನದು ಓರೆಗೆ,
ಚಾಪೆ ಹೆಣೆದಂತೆ ಹೆಣೆಸಿದ.
ಬಿರುಕು ಕಡಿಮೆಯಾಯಿತು. ಹೋಗಲಿಲ್ಲ.
"ಹಾರೋ ವಸ್ತುವಿಗೆ ಹೋಗೋ ತುಂಡು ಜುಬೇದಾ,
ಕಡಿಮೆ ಅನ್ನೋದು ಉತ್ತರ ಅಲ್ಲ."

ಕತ್ತರಿಸಿ, ಉಜ್ಜಿ, ಮೈಕ್ರೋಸ್ಕೋಪಿನಡಿ ಇಟ್ಟು ಕರೆದ.
ಹರಳುಗಳೆಲ್ಲ ನೆಟ್ಟಗೆ, ಕಂಬ ಕಂಬ,
ಬಿಸಿ ಎತ್ತಲೋ ಅತ್ತಲೇ ಎಲ್ಲಕ್ಕೂ ಒಂದೇ ಓಟ.
ಕಂಬಗಳ ಸಂದಿಯಲ್ಲಿ ಕಟ್ಟಕಡೆಯ ದ್ರವ, ಒಂದೆಳೆ.
ಆರುವಾಗ ಎಲ್ಲವೂ ಮೈ ಕುಗ್ಗಿಸಿಕೊಳ್ಳುತ್ತವೆ,
ಆ ಎಳೆಗೆ ಹಿಗ್ಗಲು ಏನೂ ಉಳಿದಿರುವುದಿಲ್ಲ.
ಸದ್ದಿಲ್ಲದೆ ಹರಿಯುತ್ತದೆ.

ಅಷ್ಟರಲ್ಲಿ ಬಲಗಡೆಯ ಫೌಂಡ್ರಿಯ ಅಂತೋಣಪ್ಪ
ತಣ್ಣೀರಿಗೆಂದು ಬಾಟಲಿ ಹಿಡಿದು ಬಂದ.
ಭದ್ರಾವತಿಯಲ್ಲಿ ಹುಟ್ಟಿದವನು, ಮೂವತ್ತೊಂದು ವರ್ಷ ಎರಕ ಹೊಯ್ದ ಕೈ,
ಹುಬ್ಬು ಒಂದೇ ಕಡೆ ಸುಟ್ಟಿದೆ.
ಕರೆಯದಿದ್ದರೂ ಬಗ್ಗಿ ನೋಡಿದ.
"ಇದಕ್ಕೆ ಹೆಪ್ಪು ಹಾಕಿಲ್ವಾ?"

ನಾವು ನಕ್ಕೆವು. ಅವನು ನಗಲಿಲ್ಲ.
"ಹೊಯ್ಯೋ ಮುಂಚೆ ಒಂದು ಹಿಡಿ ಸಿಲಿಕಾನ್ ಪುಡಿ ಎಸೀತೀವಿ ನಾವು.
ಎಸೀದಿದ್ರೆ ಬೀಡು ಗಾಜಿನ ಥರ ಸಿಡೀತದೆ.
ಯಾಕೆ ಅಂತ ಕೇಳ್ಬೇಡ,
ನಿಮ್ಮನೇಲಿ ಮೊಸರು ಮಾಡಲ್ವೇನಮ್ಮಾ?"
ಬಾಟಲಿ ತುಂಬಿಸಿಕೊಂಡು ಹೋದ.

ಇಂದುಧರನಿಗೆ ಇದೇನೂ ಹೊಸದಲ್ಲ.
ನೂರಕ್ಕೊಂದು ಪಾಲು ಜಿರ್ಕೋನಿಯಂ ಬೆರೆಸುವ ಫೈಲು
ತಿಂಗಳಿಂದ ಮಹಡಿಯ ಮೇಲೆ ಮಲಗಿತ್ತು.
ಅವನು ಮೆಟ್ಟಿಲು ಹತ್ತಿ, ಗ್ರಾಫು ತೋರಿಸದೆ,
ಮೊಸರಿನ ಮಾತು ಹೇಳಿದ.
ಸಹಿ ಮಧ್ಯಾಹ್ನದೊಳಗೆ ಬಂತು.

ಹದಿನೆಂಟನೆಯದು.
ಹತ್ತು ನಿಮಿಷ. ಬಿಳಿ ಬಿಳಿಯಾಗಿಯೇ ಇದೆ.
ಇನ್ನೂ ಹತ್ತು ಕೊಟ್ಟೆ, ನನಗೇ ನಂಬಿಕೆಯಿಲ್ಲದೆ.
ಅಂಚಿನಲ್ಲೊಂದು ಕೆಂಪು ಕಂಡು ಎದೆ ಧಸಕ್ಕೆಂದಿತು.
ನೋಡಿದರೆ ನನ್ನದೇ ಹೆಬ್ಬೆರಳಿನ ಗುರುತು.
ಮೈಕ್ರೋಸ್ಕೋಪಿನಲ್ಲಿ ಕಂಬಗಳಿಲ್ಲ,
ಸಣ್ಣ ಸಣ್ಣ ರವೆ, ಒತ್ತಾಗಿ,
ಮುಖ ಒಂದೊಂದಕ್ಕೆ ಒಂದೊಂದು ಕಡೆ.

ರಿಜಿಸ್ಟರಿನಲ್ಲಿ ಏನು ಬರೆಯುವುದು?
ಆ ಕಾಲಮ್ಮು ದೋಷಕ್ಕೆಂದೇ ಇರುವುದು.
ತುಸು ಹೊತ್ತು ಪೆನ್ನು ಹಿಡಿದು ನಿಂತು
"ಇಲ್ಲ" ಎಂದು ಬರೆದೆ. ದೊಡ್ಡದಾಗಿ ಬಿತ್ತು.

ರಾತ್ರಿ ಅಡುಗೆಮನೆಯಲ್ಲಿ
ಕಿರುಬೆರಳು ಅದ್ದಿ ಹಾಲಿನ ಬಿಸಿ ನೋಡುತ್ತೇನೆ.
ಹಾಲಿಗೂ ಲೋಹಕ್ಕೂ ನಮ್ಮಲ್ಲಿ ಒಂದೇ ಮಾತು:
ಒಡೆಯಿತು. ಹೆಪ್ಪುಗಟ್ಟಿತು.
ಎರಡರ ನಡುವೆ ಇಷ್ಟೇ ಇಷ್ಟು ಬಿಸಿ,
ಉಗುರಿನ ಬುಡದಲ್ಲಿ ಕೆಂಪು ಇನ್ನೂ ಹೋಗಿಲ್ಲ.
ಅರ್ಧ ಚಮಚ ಬಿಟ್ಟು, ಮುಚ್ಚಿ,
ಅಲುಗದ ಕಡೆ ಇಟ್ಟೆ.

ನಾಳೆ ಹತ್ತೊಂಬತ್ತು.